ಏಣಿಗೆ ಹಲಗೆ ಹಾಕುವ ಮುನ್ನ

ಚಳ್ಳಕೆರೆ, ಮೊಳಕಾಲ್ಮುರು ಕಡೆ ಮನೆ ಕಟ್ಟುವಾಗ ಸಾರ್ವೆ ಕಟ್ಟುತ್ತಾರೆ, ಮನೆ ರಿಪೇರಿಗೆ ಕಟ್ಟುವುದಿಲ್ಲ. ಹೊಸ ಗೋಡೆ ಏಳುವಾಗ ಸರ್ವೆ ಕಂಬ, ಬಿದಿರು, ಹಗ್ಗ, ಹಲಗೆ ಎಲ್ಲವೂ ಬಂದು ಬೀಳುತ್ತವೆ, ಅವಿಲ್ಲದೆ ಕೆಲಸವೇ ಮೇಲೇರದು. ಐದಾರು ವರ್ಷ ಕಳೆದು ಅದೇ ಮನೆಯ ಸಜ್ಜಾದ ಅಡಿಯ ಸಿಮೆಂಟ್ ಉದುರಿದಾಗ, ಪ್ಯಾರಾಪೆಟ್ ಬಿರುಕಿನಿಂದ ಗೋಡೆಗೆ ನೀರು ಇಳಿದಾಗ, ಉಗಾದಿಗೋ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೋ ಮುಂಚೆ ಹೊರಗೋಡೆಗೆ ಬಣ್ಣ ಹೊಡೆಸಬೇಕೆಂದಾಗ ಮಾತು ಬೇರೆಯಾಗುತ್ತದೆ. "ಅರ್ಧ ದಿನದ ಕೆಲ್ಸ, ಇದಕ್ಯಾಕಣ್ಣ ಸಾರ್ವೆ? ಎರಡು ಏಣಿ ಇದ್ರೆ ಸಾಕು." ಏಣಿಗಳು ಗೋಡೆಗೆ ಆನುತ್ತವೆ. ಒಂದರ ಮೆಟ್ಟಿಲಿಂದ ಇನ್ನೊಂದರ ಮೆಟ್ಟಿಲಿಗೆ ಸೆಂಟ್ರಿಂಗ್ ಹಲಗೆಯೊಂದು ತೂರಿಕೊಳ್ಳುತ್ತದೆ, ಅದರ ಮೇಲೆ ಒಬ್ಬ ಮನುಷ್ಯ ಬಣ್ಣದ ಬಕೆಟ್ ಹಿಡಿದು ನಿಲ್ಲುತ್ತಾನೆ.

ಈ ಅರ್ಧ ದಿನದ ಕೆಲಸಗಳಿಗೆಂದೇ ಹುಟ್ಟಿದ ಸಾಧನ ಲ್ಯಾಡರ್ ಜಾಕ್. ಅಮೆರಿಕದಲ್ಲಿ ಮರದ ಮನೆಗಳ ಹೊರಗೋಡೆಗೆ ಹಲಗೆ ಬಡಿಯುವವರು, ಬಣ್ಣದವರು ಬಹುಕಾಲದಿಂದ ಬಳಸುತ್ತಿದ್ದಾರೆ. ನಮ್ಮ ತಾಲ್ಲೂಕುಗಳ ಹಾರ್ಡ್‌ವೇರ್ ಅಂಗಡಿಗಳ ಸಾಮಾನ್ಯ ಸರಕು ಇದಲ್ಲ, ಹೆಚ್ಚಿನವರು ಆನ್‌ಲೈನ್‌ನಲ್ಲೇ ನೋಡಿರುತ್ತಾರೆ. ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವಲ್ಲಿ ಹೋಗಿ 'ಜಾಕಿ' ಎಂದು ಕೇಳಿದರೆ ಆರ್‌ಸಿಸಿ ಮೌಲ್ಡ್‌ನ ಅಡಿಗೆ ನಿಲ್ಲಿಸುವ ಕಬ್ಬಿಣದ ಆಸರೆ ಕಂಬ ಕೊಟ್ಟು ಕಳಿಸುತ್ತಾರೆ. ಇದು ಅದಲ್ಲ. ಏಣಿಯ ಮೆಟ್ಟಿಲುಗಳಿಗೆ ಕೊಕ್ಕೆ ಹಾಕಿ ಸಿಕ್ಕಿಸುವ ಮುಕ್ಕೋನದ ಒಂದು ತೋಳು. ಎರಡು ಏಣಿಗೆ ಒಂದೊಂದರಂತೆ ಎರಡು ತೋಳು, ಅವುಗಳ ಮೇಲೆ ಅಡ್ಡಲಾಗಿ ಹಲಗೆ. ಏಣಿ ಎಷ್ಟೇ ವಾಲಿದ್ದರೂ ಹಲಗೆ ಮಟ್ಟವಾಗಿ ಕೂರುವಂತೆ ತೋಳಿನ ಕೋನ ಸರಿಹೊಂದಿಸಿಕೊಳ್ಳಬಹುದು. ಮೆಟ್ಟಿಲ ಸಂದಿಗೆ ಹಲಗೆ ತೂರಿಸುವ ನಮ್ಮ ಪದ್ಧತಿಯಲ್ಲಿ ಹಲಗೆಯ ಅಂಚು ಒಂದೇ ಮೆಟ್ಟಿಲ ಮೇಲೆ ಗೆರೆಯಷ್ಟು ಜಾಗದಲ್ಲಿ ಕೂತಿರುತ್ತದೆ. ಜಾಕ್ ಅದೇ ಭಾರವನ್ನು ಎರಡು ಮೆಟ್ಟಿಲಿಗೂ, ಕೆಲವು ಮಾದರಿಗಳಲ್ಲಿ ಏಣಿಯ ಪಕ್ಕದ ಕಾಲುಗಳಿಗೂ ಹಂಚುತ್ತದೆ. ಉಪಯೋಗ ಇಷ್ಟೇ. ಏಣಿ ಗಟ್ಟಿಯಾಗಿದ್ದರೆ ಮಾತ್ರ ಈ ಉಪಯೋಗಕ್ಕೆ ಅರ್ಥ.

ನಮ್ಮ ಊರುಗಳಲ್ಲಿ ಸೋಲುವುದು ಅಲ್ಲೇ. ಬಿದಿರೇಣಿ, ಸರ್ವೆ ಗಳಕ್ಕೆ ಅಡ್ಡಪಟ್ಟಿ ಮೊಳೆ ಹೊಡೆದ ಏಣಿ, ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ತುಂಡರಿಸಿ ಮಾಡಿಸಿದ ಏಣಿ, ಇವು ಹತ್ತಿ ಇಳಿಯುವುದಕ್ಕೆ. ಲ್ಯಾಡರ್ ಜಾಕ್‌ಗೆ ಆಗುವುದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಇದನ್ನು ನೇರವಾಗಿಯೇ ಹೇಳಿದೆ: ಕೆಲಸದ ಜಾಗದಲ್ಲಿ ಮಾಡಿಕೊಂಡ ಏಣಿಗೆ ಜಾಕ್ ಸಿಕ್ಕಿಸುವಂತಿಲ್ಲ. ಬಿದಿರಿನ ಮೆಟ್ಟಿಲು ದುಂಡಗಿರುತ್ತದೆ, ದಪ್ಪ ಒಂದೇ ಸಮ ಇರುವುದಿಲ್ಲ, ಮೆಟ್ಟಿಲುಗಳ ಅಂತರವೂ ಹೆಚ್ಚುಕಡಿಮೆ. ಕೊಕ್ಕೆ ಒಂದು ಕಡೆ ಕಚ್ಚಿ ಇನ್ನೊಂದು ಕಡೆ ತೇಲುತ್ತದೆ. ಕಾರ್ಖಾನೆಯಲ್ಲಿ ತಯಾರಾದ, ಭಾರ ತಡೆಯುವ ಮಿತಿಯನ್ನು ಮೇಲೆಯೇ ಅಚ್ಚು ಹಾಕಿದ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್ ಏಣಿ ಬೇಕು, ಅದೂ ಒಂದೇ ಬಗೆಯ ಎರಡು. ಅವುಗಳ ಮೆಟ್ಟಿಲುಗಳ ನಡುವೆ ಸಾಮಾನ್ಯವಾಗಿ 30 ಸೆಂಟಿಮೀಟರ್ ಅಂತರ. ಬೇರೆ ಬೇರೆ ಕಂಪನಿಯ ಏಣಿ ಜೋಡಿಸಿದರೆ ಮೆಟ್ಟಿಲ ಮಟ್ಟ ಕೂಡಿಬರದೆ ಹಲಗೆ ಒಂದು ಕಡೆಗೆ ಇಳಿಜಾರಾಗುತ್ತದೆ. ಎ ಆಕಾರದ ಸ್ಟೂಲ್ ಏಣಿಯನ್ನು ಮಡಚಿ ಗೋಡೆಗೆ ಆನಿಸುವುದಂತೂ ಬೇಡವೇ ಬೇಡ.

ಜಾಕನ್ನೂ ಲೋಕಲ್ ವೆಲ್ಡಿಂಗ್‌ನಲ್ಲಿ ಮಾಡಿಸಿಬಿಡಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ್ಯಂಗಲ್ ಪಟ್ಟಿ, ಎರಡು ಕೊಕ್ಕೆ, ನಾಲ್ಕು ವೆಲ್ಡ್, ನೋಡಲು ಸುಲಭದ ಕೆಲಸವೇ. ನನ್ನ ಅಭಿಪ್ರಾಯ: ಮಾಡಿಸಬೇಡಿ. ಗೇಟು ಮಾಡುವಾಗ ಒಂದು ವೆಲ್ಡ್ ಸಡಿಲವಾದರೆ ಗೇಟು ಕಿರುಗುಡುತ್ತದೆ, ಇಲ್ಲಿ ಅದೇ ವೆಲ್ಡ್ ಬಿಟ್ಟರೆ ಹಲಗೆಯ ಒಂದು ಕಡೆಗೆ ಆಸರೆಯೇ ಇರುವುದಿಲ್ಲ. ಮೆಟ್ಟಿಲ ಮೇಲಷ್ಟೇ ಕೂರುವ ಜಾಕ್ ಆದರೆ ಪ್ರತಿ ಮೆಟ್ಟಿಲ ಮೇಲೂ ಕನಿಷ್ಠ 25 ಸೆಂಟಿಮೀಟರ್ ಅಗಲಕ್ಕೆ ಒರಗಿರಬೇಕೆಂಬ ಓಶಾ ನಿಯಮವಿದೆ. ಅಂಗಡಿಯಲ್ಲಿ ಕೊಕ್ಕೆ ಬಗ್ಗಿಸುವಾಗ ಇಂಥ ಅಳತೆ ಯಾರ ಗಮನಕ್ಕೂ ಬರುವುದಿಲ್ಲ.

ಈಗ ಭಾರದ ಲೆಕ್ಕ. ಏಣಿಯ ಮೇಲೆ 150 ಕೆ.ಜಿ. ಎಂದು ಬರೆದಿದೆ, ಎರಡು ಏಣಿಗೆ 300 ಆಯಿತು, ಇಬ್ಬರು ನಿಂತರೆ ಏನಾದೀತು ಎಂದು ಹೆಚ್ಚಿನವರು ಲೆಕ್ಕ ಹಾಕುತ್ತಾರೆ. ಹಲಗೆಯ ನಟ್ಟನಡುವೆ ನಿಂತಾಗ ಮಾತ್ರ ಭಾರ ಸಮನಾಗಿ ಹಂಚಿಕೆಯಾಗುತ್ತದೆ. ಕಿಟಕಿಯ ಮೂಲೆಗೆ ಬಣ್ಣ ಮುಟ್ಟಿಸಲು ಇಬ್ಬರೂ ಒಂದೇ ಕಡೆಗೆ ಸರಿದರು ಎಂದುಕೊಳ್ಳಿ. 70 ಕೆ.ಜಿ.ಯ ಇಬ್ಬರು, ಅಲ್ಲಿಗೆ 140. ತುಂಬಿದ 20 ಲೀಟರ್ ಎಮಲ್ಷನ್ ಬಕೆಟ್ 25 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಹಲಗೆಯ ಅರ್ಧ ತೂಕ ಹತ್ತು ಹನ್ನೆರಡು ಕೆ.ಜಿ. ಒಂದೇ ಏಣಿಯ ಮೇಲೆ 175 ದಾಟಿತು. ಸಿಮೆಂಟ್ ಕಲಸಿದ ಗಾರೆಯಾದರೆ ಒಂದು ಬಾಂಡ್ಲಿಯೇ 20 ಕೆ.ಜಿ. ದಾಟುತ್ತದೆ, ಕೈಯಾಳು ಒಂದರ ಹಿಂದೊಂದು ಏರಿಸುತ್ತಲೇ ಇರುತ್ತಾನೆ. ಆದ್ದರಿಂದ ಲ್ಯಾಡರ್ ಜಾಕ್ ಮೇಲೆ ಯಾವ ಕೆಲಸ ಆಗಬಹುದು, ಯಾವುದು ಆಗಬಾರದು ಎಂಬ ಗೆರೆ ತಾನಾಗಿಯೇ ಎಳೆದುಕೊಳ್ಳುತ್ತದೆ. ಬಣ್ಣ, ಸುಣ್ಣ, ಪುಟ್ಟಿ, ಬಿರುಕಿಗೆ ಕೆಮಿಕಲ್ ತುಂಬುವುದು, ಕಿಟಕಿಯ ಅಂಚು ತಿದ್ದುವುದು, ಮಳೆನೀರಿನ ಪೈಪಿಗೆ ಕ್ಲಾಂಪ್ ಹೊಡೆಯುವುದು ಆಗಬಹುದು. ಇಡೀ ಗೋಡೆಗೆ ಪ್ಲಾಸ್ಟರಿಂಗ್, ಇಟ್ಟಿಗೆ ಕಟ್ಟುವುದು, ಕಲ್ಲಿನ ಕ್ಲಾಡಿಂಗ್, ಹಳೆಯ ಸಜ್ಜಾ ಒಡೆಯುವುದು ಬೇಡ. ಅದರಲ್ಲೂ ಒಡೆಯುವ ಕೆಲಸ. ಸುತ್ತಿಗೆ ಏಟಿನ ಅದುರಿಗೆ ಕೊಕ್ಕೆ ಸಡಿಲುತ್ತದೆ, ಬಿದ್ದ ಕಾಂಕ್ರೀಟ್ ತುಂಡು ನೇರ ಹಲಗೆಗೇ ಬಡಿಯುತ್ತದೆ. ಇವಕ್ಕೆ ನೆಲದಿಂದಲೇ ಎದ್ದ ಸಾರ್ವೆ ಬೇಕು. ಒಂದು ಹಲಗೆಯ ಮೇಲೆ ಇಬ್ಬರಿಗಿಂತ ಹೆಚ್ಚು ಜನ ಯಾವ ಕೆಲಸಕ್ಕೂ ಬೇಡ. ಒಬ್ಬರಾದರೆ ಇನ್ನೂ ಒಳ್ಳೆಯದು.

ಎತ್ತರಕ್ಕೂ ಮಿತಿಯಿದೆ. ಹಲಗೆ ನೆಲದಿಂದ 20 ಅಡಿ, ಅಂದರೆ ಸುಮಾರು 6 ಮೀಟರ್ ದಾಟಬಾರದೆಂದು ಓಶಾ ಹೇಳುತ್ತದೆ. ನಮ್ಮ ಕಡೆಗೆ ಅಷ್ಟೂ ಬೇಡ ಎಂಬುದು ನನ್ನ ವಾದ. ಚಳ್ಳಕೆರೆಯ ಬಡಾವಣೆಗಳಲ್ಲಿ ನೆಲಮಹಡಿ ಮನೆಯ ಪ್ಯಾರಾಪೆಟ್ ತುದಿ ಹದಿಮೂರು ಹದಿನಾಲ್ಕು ಅಡಿಗೆ ಮುಗಿಯುತ್ತದೆ. ಹಲಗೆ ಎಂಟೊಂಬತ್ತು ಅಡಿಗಿದ್ದರೆ ನಿಂತವನ ಕೈ ಅಲ್ಲಿಗೆ ಆರಾಮವಾಗಿ ಮುಟ್ಟುತ್ತದೆ. ಮೊಳಕಾಲ್ಮುರಿನ ಹಳೆಯ ಮಾಳಿಗೆ ಮನೆಗಳು ಇನ್ನೂ ಕುಳ್ಳು. ಮೊದಲ ಮಹಡಿಯ ಹೊರಗೋಡೆಗೆ ಹೋಗಬೇಕಾದಾಗ ಜಾಕ್ ಬಿಟ್ಟು ಸ್ಟೀಲ್ ಪೈಪಿನ ಸಾರ್ವೆ ಬಾಡಿಗೆಗೆ ತರುವುದು ಸರಿ. 20 ಅಡಿ ಎಂಬುದು ಗಟ್ಟಿ ನೆಲ, ಒಳ್ಳೆಯ ಏಣಿ, ಮೈಗೆ ಹಾರ್ನೆಸ್ ಇದ್ದವರಿಗೆ ಹೇಳಿದ ಮಾತು. ನಮ್ಮಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪ.

ನೆಲದ ಮಾತು ಬಂತು. ಈ ಎರಡು ತಾಲ್ಲೂಕಿನಲ್ಲಿ ಏಣಿಗೆ ಮೊದಲ ಶತ್ರು ನೆಲವೇ. ಎರೆಭೂಮಿಯ ಊರುಗಳಲ್ಲಿ ಬೇಸಿಗೆಗೆ ನೆಲ ಬಾಯಿಬಿಡುತ್ತದೆ. ಬಿರುಕಿನ ಅಂಚಿಗೆ ಏಣಿಯ ಕಾಲು ಕೂತರೆ ಮೇಲೆ ಭಾರ ಬಿದ್ದಾಗ ಅಂಚು ಮುರಿದು ಕಾಲು ಇಳಿಯುತ್ತದೆ. ಒಂದು ಹದ ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಅಂಟಾಗುತ್ತದೆ, ಬೆಳಿಗ್ಗೆ ಮಟ್ಟವಾಗಿದ್ದ ಏಣಿ ಮಧ್ಯಾಹ್ನಕ್ಕೆ ವಾಲಿರುತ್ತದೆ. ಕೆಂಪು ಮಸಾರಿ ನೆಲ ವಾಸಿ, ಆದರೆ ಸಡಿಲ ಮರಳಿನ ಮೇಲ್ಪದರ ಜಾರುತ್ತದೆ. ಮೊಳಕಾಲ್ಮುರಿನ ಬೆಟ್ಟದಡಿಯ ಓಣಿಗಳಲ್ಲಿ ಒಂದು ಕಾಲು ಬಂಡೆಯ ಮೇಲೆ, ಇನ್ನೊಂದು ಮಣ್ಣಿನ ಮೇಲೆ ನಿಲ್ಲುವ ಇಳಿಜಾರು. ಎಲ್ಲ ಕಡೆಯೂ ಮನೆಮುಂದೆ ಚರಂಡಿ, ಅದರ ಮೇಲೆ ಕಲ್ಲು ಚಪ್ಪಡಿ. ಚಪ್ಪಡಿಯ ಮೇಲೆ ಏಣಿ ನಿಲ್ಲಿಸುವುದನ್ನು ಊರೂರಲ್ಲೂ ನೋಡಬಹುದು. ಅದು ಎರಡು ಅಂಚಿನ ಮೇಲೆ ಸುಮ್ಮನೆ ಕೂತ ಕಲ್ಲು. ತುದಿಗೆ ಭಾರ ಬಿದ್ದರೆ ಎದ್ದು ನಿಲ್ಲುತ್ತದೆ, ಹಳೆಯದಾದರೆ ಮುರಿಯುತ್ತದೆ. ಬೆಳಿಗ್ಗೆ ನೀರು ಹಾಕಿ ಸಾರಿಸಿದ ಅಂಗಳವನ್ನೂ ನೆನಪಿಡಿ. ಒದ್ದೆ ಸಗಣಿಯ ಸಾರಣೆ, ಒದ್ದೆ ಗ್ರಾನೈಟ್ ಎರಡರ ಮೇಲೂ ಏಣಿಯ ರಬ್ಬರ್ ಪಾದ ನಿಲ್ಲದು.

ಮಾಡಬೇಕಾದದ್ದು ಕಷ್ಟವೇನಲ್ಲ. ಸಡಿಲ ಮಣ್ಣನ್ನು ಕೆರೆದು ಗಟ್ಟಿ ಪದರ ಕಾಣಿಸಿ, ಅದರ ಮೇಲೆ ಎರಡು ಇಂಚು ದಪ್ಪದ, ಎರಡು ಏಣಿಕಾಲನ್ನೂ ಒಟ್ಟಿಗೆ ಹೊರುವಷ್ಟು ಉದ್ದದ ಮರದ ಹಲಗೆ ಹಾಸಿ. ಏಣಿಯ ಕಾಲು ಹೊರಕ್ಕೆ ಜಾರದಂತೆ ಆ ಹಲಗೆಗೆ ಅಡ್ಡಪಟ್ಟಿ ಹೊಡೆಯಿರಿ, ಅಥವಾ ಹಿಂದೆ ಗೂಟ ಬಡಿದು ಏಣಿಯ ಕೆಳಗಿನ ಮೆಟ್ಟಿಲಿಗೆ ಹಗ್ಗ ಬಿಗಿಯಿರಿ. ಇಳಿಜಾರಿದ್ದರೆ ಎತ್ತರದ ಕಡೆಯ ನೆಲ ಅಗೆದು ತಗ್ಗಿಸಬೇಕು. ತಗ್ಗಿನ ಕಡೆಗೆ ಇಟ್ಟಿಗೆ ಪೇರಿಸುವುದು ತಪ್ಪು. ಒಂದು ಇಟ್ಟಿಗೆ, ಅದರ ಮೇಲೊಂದು ಟೈಲ್ಸ್ ಚೂರು, ಅದರ ಮೇಲೊಂದು ರಟ್ಟು ಎಂದು ಪೇರಿಸುತ್ತ ಹೋದ ಆಸರೆ ಅಲುಗಾಟಕ್ಕೆ ಒಂದೊಂದಾಗಿ ಹೊರಬರುತ್ತದೆ.

ಏಣಿಯ ಓರೆ ಗೊತ್ತಿರುವ ಲೆಕ್ಕ: ನಾಲ್ಕಕ್ಕೆ ಒಂದು. ಏಣಿ ಗೋಡೆಯನ್ನು 12 ಅಡಿ ಎತ್ತರದಲ್ಲಿ ಮುಟ್ಟಿದರೆ ಬುಡ ಗೋಡೆಯಿಂದ 3 ಅಡಿ ದೂರ ಇರಬೇಕು. ಟೇಪು ಹಿಡಿಯದೆಯೂ ನೋಡಬಹುದು. ಏಣಿಯ ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು, ಕೈಗಳನ್ನು ಭುಜದ ಮಟ್ಟಕ್ಕೆ ಚಾಚಿದರೆ ಅಂಗೈ ಮೆಟ್ಟಿಲಿಗೆ ಮುಟ್ಟಬೇಕು. ಓಣಿ ಇಕ್ಕಟ್ಟು ಎಂದು ಬುಡವನ್ನು ಗೋಡೆಗೆ ಹತ್ತಿರ ಎಳೆದುಕೊಳ್ಳುವುದು ನಮ್ಮಲ್ಲಿ ಮಾಮೂಲು. ಬರೀ ಏಣಿ ಹತ್ತುವವನು ಮುಂದಕ್ಕೆ ಬಾಗಿ ಹೇಗೋ ಸಂಭಾಳಿಸುತ್ತಾನೆ. ಜಾಕ್ ಹಾಕಿದಾಗ ಅದು ನಡೆಯದು. ಜಾಕನ್ನು ಏಣಿಯ ಹೊರಮೈಗೆ ಸಿಕ್ಕಿಸಿದರೆ ಹಲಗೆ ಏಣಿಗಿಂತ ಒಂದೂವರೆ ಅಡಿ ಆಚೆಗೆ ಚಾಚುತ್ತದೆ. ಬುಡ ಗೋಡೆಗೆ ಹತ್ತಿರವಿದ್ದರೆ ನಿಂತವನ ಭಾರ ಏಣಿಯ ಪಾದವನ್ನೂ ದಾಟಿ ಹೊರಗೆ ಬೀಳುತ್ತದೆ, ಇಡೀ ಜೋಡಿ ಹಿಮ್ಮುಖವಾಗಿ ಮಗುಚುತ್ತದೆ. ಓಣಿಯಲ್ಲಿ ಬೇಕಾದಷ್ಟು ಜಾಗ ಇಲ್ಲವೆಂದರೆ ಆ ಗೋಡೆಗೆ ಲ್ಯಾಡರ್ ಜಾಕ್ ಇಲ್ಲ. ಬೇರೆ ದಾರಿ ನೋಡಿ.

ಜಾಕನ್ನು ಏಣಿಯ ಒಳಮೈಗೆ, ಅಂದರೆ ಏಣಿಗೂ ಗೋಡೆಗೂ ನಡುವೆ ಹಾಕುವ ಕ್ರಮವೂ ಇದೆ. ಜಾಗವಿದ್ದಲ್ಲಿ ನನಗೆ ಅದೇ ಮೆಚ್ಚು. ಹಲಗೆ ಗೋಡೆಗೆ ಹತ್ತಿರ ಇರುತ್ತದೆ, ಭಾರ ಏಣಿಯ ಪಾದದಿಂದ ಒಳಗೇ ಉಳಿಯುತ್ತದೆ, ಎರಡು ತುದಿಯಲ್ಲೂ ಬೆನ್ನ ಹಿಂದೆ ಏಣಿ ಇರುತ್ತದೆ. ಹಲಗೆಗೂ ಗೋಡೆಗೂ ನಡುವಿನ ಸಂದಿ 35 ಸೆಂಟಿಮೀಟರ್ ಮೀರಬಾರದು. ಅದಕ್ಕಿಂತ ಅಗಲವಾದರೆ ಕೈ ಚಾಚಲು ಬಾಗಬೇಕಾಗುತ್ತದೆ, ಬಾಗಿದವನಿಗೆ ಗೋಡೆಯ ಕಡೆಗೇ ಬೀಳುವಷ್ಟು ಸಂದಿ ಸಿಗುತ್ತದೆ.

ಹಲಗೆಯ ವಿಷಯದಲ್ಲಿ ನಮ್ಮವರು ತುಂಬಾ ಉದಾರಿಗಳು, ಯಾವುದಾದರೂ ನಡೆದೀತು ಎನ್ನುತ್ತಾರೆ. ಸೆಂಟ್ರಿಂಗ್‌ಗೆ ಬಳಸಿದ ನೀಲಗಿರಿ ಹಲಗೆ ಹತ್ತಾರು ಮೌಲ್ಡ್ ಕಂಡಿರುತ್ತದೆ. ಮೊಳೆ ಹೊಡೆದು ಕಿತ್ತ ತೂತು, ಸಿಮೆಂಟ್ ನೀರು ಕುಡಿದು ಬಿಸಿಲಿಗೆ ಸೀಳಿದ ತುದಿ, ಎಲ್ಲದರ ಮೇಲೂ ಗಟ್ಟಿಯಾದ ಸಿಮೆಂಟ್ ಪದರ. ಬಿರುಕು ಕಾಣುವುದೇ ಇಲ್ಲ. ಈ ಕೆಲಸಕ್ಕೆ ಒಂದು ಪ್ರತ್ಯೇಕ ಹಲಗೆ ಇಟ್ಟುಕೊಳ್ಳಿ: ಎರಡು ಇಂಚು ದಪ್ಪ, ಕನಿಷ್ಠ 12 ಇಂಚು ಅಗಲ, ಎಳೆ ನೇರವಾಗಿರುವ, ದೊಡ್ಡ ಗಂಟುಗಳಿಲ್ಲದ ಮರ. ಅಂಚಿನಲ್ಲಿರುವ ಗಂಟು ನಡುವಿನ ಗಂಟಿಗಿಂತ ಕೆಟ್ಟದ್ದು, ಹಲಗೆ ಮುರಿಯುವುದು ಅಲ್ಲಿಂದಲೇ. ಬಣ್ಣ ಬಳಿಯಬೇಡಿ, ಬಣ್ಣ ಬಿರುಕನ್ನು ಮುಚ್ಚುತ್ತದೆ. ಮರದ ಹಲಗೆಯಾದರೆ ಎರಡು ಏಣಿಗಳ ನಡುವಿನ ಅಂತರ ಎಂಟು ಅಡಿ ಮೀರಿಸಬೇಡಿ. ಗೋಡೆ ಉದ್ದವಿದ್ದರೆ ಕೆಲಸ ಮುಗಿದಷ್ಟು ಮುಗಿಸಿ, ಇಳಿದು, ಏಣಿಗಳನ್ನು ಸರಿಸಿಕೊಳ್ಳಿ. ಮೂರನೆಯ ಏಣಿ ತಂದು ಒಂದು ಹಲಗೆಯಿಂದ ಇನ್ನೊಂದಕ್ಕೆ ಸೇತುವೆ ಕಟ್ಟುವ ಹಾಗಿಲ್ಲ.

ಹಲಗೆಯ ತುದಿ ಜಾಕ್‌ನಿಂದ ಆಚೆಗೆ ಕನಿಷ್ಠ 15 ಸೆಂಟಿಮೀಟರ್ ಚಾಚಿರಬೇಕು, ಇಲ್ಲದಿದ್ದರೆ ಸ್ವಲ್ಪ ಸರಿದರೂ ಜಾರಿಬೀಳುತ್ತದೆ. ಹತ್ತು ಅಡಿಯ ಹಲಗೆಗೆ ಆ ಚಾಚು 30 ಸೆಂಟಿಮೀಟರ್ ಮೀರಲೂಬಾರದು. ಮೀರಿದ ತುದಿಯನ್ನು ಮರೆತು ತುಳಿದರೆ ಹಲಗೆ ಏತದಂತೆ ಇನ್ನೊಂದು ಕಡೆ ಎದ್ದುಬಿಡುತ್ತದೆ. ಎರಡೂ ತುದಿಯನ್ನು ಜಾಕ್‌ಗೆ ಹಗ್ಗದಲ್ಲಿ ಬಿಗಿದು ಕಟ್ಟಿ. ಜಾಕ್‌ನದೇ ಲಾಕ್ ಇದ್ದರೆ ಅದನ್ನೂ ಹಾಕಿ, ಹಗ್ಗವನ್ನೂ ಕಟ್ಟಿ.

ಏಣಿಯ ತಲೆ ಕಟ್ಟುವುದು ಎಲ್ಲಕ್ಕಿಂತ ಮುಖ್ಯ, ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಟ್ಟುಹೋಗುವ ಕೆಲಸವೂ ಅದೇ. ಕೈಯಾಳು ಕೆಳಗೆ ಹಿಡಿದುಕೊಂಡಿದ್ದಾನಲ್ಲ ಎಂಬ ಸಮಾಧಾನ ಜಾಕ್ ವಿಷಯದಲ್ಲಿ ಕೆಲಸಕ್ಕೆ ಬಾರದು. ಒಬ್ಬನ ಹಿಡಿತ ಪಕ್ಕಕ್ಕೆ ಜಾರುವ ಏಣಿಯನ್ನು ತಡೆಯದು, ಮೇಲಾಗಿ ಅವನು ಹಲಗೆಯ ನೇರ ಕೆಳಗೆ ನಿಂತಿರುತ್ತಾನೆ. ಪ್ಯಾರಾಪೆಟ್‌ನ ಒಳಬದಿಗೆ ಹೋಗಿ, ಟೆರೇಸಿನ ಮೆಟ್ಟಿಲು ಕೋಣೆಯ ಆರ್‌ಸಿಸಿ ಕಂಬಕ್ಕೆ ಹಗ್ಗ ಸುತ್ತಿ ಎರಡೂ ಏಣಿಯ ತಲೆ ಕಟ್ಟಬಹುದು. ಗೋಡೆಯೊಳಗೆ ಗಟ್ಟಿಯಾಗಿ ಕೂತ ಕಿಟಕಿ ಗ್ರಿಲ್ ನಡೆಯುತ್ತದೆ. ಪಿವಿಸಿ ಪೈಪು, ಡಿಶ್ ನಿಲ್ಲಿಸಿದ ಕಂಬಿ, ಪ್ಲಾಸ್ಟಿಕ್ ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿಯ ಕೊಂಡಿ, ಇವಾವುವೂ ಬೇಡ.

ಮಾಳಿಗೆ ಮನೆಗೆ ಬೇರೆಯೇ ಎಚ್ಚರ ಬೇಕು. ಕಲ್ಲು ಮಣ್ಣಿನ ಗೋಡೆ, ತೊಲೆಯ ಮೇಲೆ ಹಾಸಿದ ಮಣ್ಣು, ಅದರ ಮೇಲೆ ಮಳೆಗಾಲಕ್ಕೆ ಮುಂಚೆ ಹರಡುವ ಕರಲು ಮಣ್ಣು. ಹೊರಗೆ ಚಾಚಿದ ಚಪ್ಪಡಿ ಅಂಚು ಮೇಲಿನ ಮಣ್ಣಿನ ಭಾರದಲ್ಲಷ್ಟೇ ನಿಂತಿರುತ್ತದೆ. ಏಣಿಯ ತಲೆಯನ್ನು ಅಂಥ ಅಂಚಿಗೆ, ನೀರು ಬೀಳುವ ದೋಣಿಗೆ ಆನಿಸುವ ಹಾಗಿಲ್ಲ. ಅಲ್ಲಿ ಹಗ್ಗ ಕಟ್ಟಲು ಮೇಲೆ ನಂಬಬಹುದಾದ ಕಂಬವೂ ಸಿಗುವುದಿಲ್ಲ. ಮಾಳಿಗೆ ಮನೆಯ ಹೊರಗೋಡೆ ಹೇಗೂ ಹೆಚ್ಚು ಎತ್ತರವಿಲ್ಲ. ಎರಡು ಗಟ್ಟಿ ಕುದುರೆ ಸ್ಟ್ಯಾಂಡಿನ ಮೇಲೆ ಹಲಗೆ ಹಾಕಿದರೆ ಕೆಲಸ ಮುಗಿಯುತ್ತದೆ, ಗೋಡೆಗೆ ಭಾರವೂ ಬೀಳದು. ಇಂಥ ಮನೆಗೆ ನಾನು ಲ್ಯಾಡರ್ ಜಾಕ್ ಹೇಳುವುದೇ ಇಲ್ಲ.

ವಿದ್ಯುತ್ ತಂತಿ. ಮನೆಯ ಪಕ್ಕದಲ್ಲಿ ಹಾಯುವ ತಂತಿಗೂ ಗೋಡೆಗೂ ನಡುವೆ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರವಿರಬೇಕು ಎಂಬುದು ನಮ್ಮ ದೇಶದ ನಿಯಮ. ಮನೆ ಆಮೇಲೆ ಹೊರಕ್ಕೆ ಬೆಳೆದಿರುವ ಕಡೆ ಅಷ್ಟೂ ಇರುವುದಿಲ್ಲ. ಇರಲಿ, ಇದೆ ಎಂದೇ ಇಟ್ಟುಕೊಳ್ಳೋಣ. ಆ 1.2 ಮೀಟರ್ ಕಟ್ಟಡಕ್ಕೆ ಹೇಳಿದ್ದು. ಹಲಗೆ ಗೋಡೆಯಿಂದ ಅರ್ಧ ಮೀಟರ್ ಆಚೆ ಬಂತು, ಅದರ ಮೇಲೆ ನಿಂತವನು ಉದ್ದ ಕೋಲಿನ ರೋಲರ್ ಹಿಂದಕ್ಕೆ ಎತ್ತಿದ, ಕೆಳಗೆ ಇಬ್ಬರು 16 ಅಡಿಯ ಅಲ್ಯೂಮಿನಿಯಂ ಏಣಿಯನ್ನು ನೆಟ್ಟಗೆ ಎತ್ತಿ ಪಕ್ಕಕ್ಕೆ ನಡೆಸಿದರು, ಅಲ್ಲಿಗೆ ಮುಗಿಯಿತು. ಕೆಲಸದವನು, ಏಣಿ, ಸಾಮಾನು ಯಾವುದೂ ತಂತಿಗೆ 3 ಮೀಟರ್ ಒಳಗೆ ಹೋಗಬಾರದು. ಅಷ್ಟು ಜಾಗ ಬಿಡಲಾಗದ ಗೋಡೆಯಾದರೆ ಬೆಸ್ಕಾಂಗೆ 1912ಕ್ಕೆ ಕರೆ ಮಾಡಿ, ಅಥವಾ ಊರಿನ ಶಾಖಾ ಕಚೇರಿಗೆ ಹೋಗಿ ಲೈನ್ ಆಫ್ ಮಾಡಿಸಿಯೇ ಕೆಲಸ ಶುರುಮಾಡಿ. ಟ್ರಾನ್ಸ್‌ಫಾರ್ಮರಿನ ಫ್ಯೂಸ್ ತಾನೇ ಕೀಳುತ್ತೇನೆ ಎನ್ನುವ ಧೈರ್ಯವಂತ ಪ್ರತಿ ಊರಿನಲ್ಲೂ ಒಬ್ಬ ಇರುತ್ತಾನೆ. ಅವನಿಗೆ ಚಹಾ ಕೊಟ್ಟು ಕಳಿಸಿ. ಫೈಬರ್‌ಗ್ಲಾಸ್ ಏಣಿ ಒಣಗಿದ್ದಾಗ ವಾಸಿ, ಆದರೆ ಜಾಕ್ ಲೋಹದ್ದೇ, ಬಣ್ಣದ ತಗಡಿನ ಡಬ್ಬಿಯೂ ಲೋಹದ್ದೇ.

ಗಾಳಿಗೂ ಒಂದು ಮಾತು ಸಲ್ಲಬೇಕು. ಚಿತ್ರದುರ್ಗದ ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಮಳೆ ಕಡಿಮೆಯಿರುವ ಜೂನ್, ಜುಲೈ ತಿಂಗಳು ಹೊರಗಿನ ಕೆಲಸಕ್ಕೆ ಹೇಳಿ ಮಾಡಿಸಿದ್ದು ಎನಿಸುತ್ತದೆ. ಆದರೆ ಬಯಲಿನಲ್ಲಿ ಆಷಾಢದ ಗಾಳಿಗೆ ತಡೆಯೇ ಇಲ್ಲ. ಒಂದಡಿ ಅಗಲದ ಹಲಗೆಯನ್ನು ಎತ್ತುವಾಗ ಗಾಳಿ ಅದನ್ನು ತಿರುಗಿಸಿಬಿಡುತ್ತದೆ, ಬಣ್ಣ ಬೀಳದಿರಲೆಂದು ಕಟ್ಟಿದ ಟಾರ್ಪಾಲ್ ಏಣಿಯನ್ನೇ ಎಳೆಯುತ್ತದೆ. ರಸ್ತೆಯ ದೂಳು ಎದ್ದು ಕಣ್ಣಿಗೆ ಬೀಳುವಷ್ಟು ಗಾಳಿಯಿದ್ದರೆ ಆ ಹೊತ್ತು ಹಲಗೆ ಹತ್ತಬೇಡಿ. ಆಷಾಢದಲ್ಲಿ ಬೆಳಿಗ್ಗೆ ಬೇಗ ಶುರುಮಾಡಿ, ಗಾಳಿ ಏರುವ ಮೊದಲೇ ಇಳಿಯುವುದು ಇದ್ದುದರಲ್ಲಿ ಜಾಣತನ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲಿನ ಕಾಟ. ಬೆಳಿಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನ ಪೂರ್ವದ ಗೋಡೆ ಹಿಡಿದರೆ ಕೆಲಸ ನೆರಳಿನಲ್ಲೇ ನಡೆಯುತ್ತದೆ, ಬಣ್ಣವೂ ಚೆನ್ನಾಗಿ ಕೂರುತ್ತದೆ, ತಲೆಸುತ್ತು ಬಂದು ಬೀಳುವುದೂ ತಪ್ಪುತ್ತದೆ.

ಹತ್ತುವ ಕ್ರಮ ಹೀಗೆ. ಏಣಿ ನಿಲ್ಲಿಸಿ ತಲೆ ಬುಡ ಕಟ್ಟಿದ ಮೇಲೆ ಜಾಕ್‌ಗಳನ್ನು ಎರಡೂ ಏಣಿಯ ಒಂದೇ ಮಟ್ಟದ ಮೆಟ್ಟಿಲಿಗೆ ಸಿಕ್ಕಿಸಿ. ಹಲಗೆಯನ್ನು ಇಬ್ಬರು, ಒಬ್ಬೊಬ್ಬರು ಒಂದೊಂದು ಏಣಿಯಲ್ಲಿ, ಒಟ್ಟೊಟ್ಟಿಗೆ ಒಂದೊಂದೇ ಮೆಟ್ಟಿಲು ಏರಿಸಬೇಕು. ಒಬ್ಬನೇ ಮಾಡುವ ಕೆಲಸ ಇದಲ್ಲ. ರಸಮಟ್ಟ ಇಟ್ಟು ನೋಡಿ. ಮೊದಲ ಸಲವಾದರೆ ಜಾಕನ್ನು ಎರಡನೇ ಮೆಟ್ಟಿಲಿಗೆ ಹಾಕಿ, ನೆಲದಿಂದ ಎರಡಡಿ ಎತ್ತರದಲ್ಲೇ ಹಲಗೆಯ ಮೇಲೆ ಅತ್ತಿತ್ತ ನಡೆದು ನೋಡಿ. ಬಗ್ಗುವುದು, ಕಿರುಗುಡುವುದು, ಪಾದ ಇಳಿಯುವುದು ಎಲ್ಲ ಅಲ್ಲೇ ಗೊತ್ತಾಗುತ್ತದೆ. ಹತ್ತುವಾಗ ಕೈ ಖಾಲಿ ಇರಲಿ, ಬಕೆಟ್ಟನ್ನು ಆಮೇಲೆ ಹಗ್ಗಕ್ಕೆ ಕೊಕ್ಕೆ ಹಾಕಿ ಎಳೆದುಕೊಳ್ಳಿ. 20 ಲೀಟರ್ ಡಬ್ಬಿ ಮೇಲೆ ಬೇಡ, ಐದು ಲೀಟರಿನದಕ್ಕೆ ಸುರಿದುಕೊಳ್ಳಿ. ಲುಂಗಿ, ಹವಾಯಿ ಚಪ್ಪಲಿ ಬಿಟ್ಟು ಪ್ಯಾಂಟು, ಬೂಟು. ತಲೆಗೆ ಪಟ್ಟಿ ಬಿಗಿದ ಹೆಲ್ಮೆಟ್, ಐಎಸ್ 2925 ಗುರುತಿನದು. ಬೈಕಿನ ಹೆಲ್ಮೆಟ್ಟು ಕತ್ತು ತಿರುಗಿಸಲು ಬಿಡುವುದಿಲ್ಲ.

ಹಲಗೆ 10 ಅಡಿ ದಾಟಿದರೆ ಪೂರ್ತಿ ಮೈಯ ಹಾರ್ನೆಸ್ ಬೇಕೇ ಬೇಕು, ಇದಕ್ಕೆ ಐಎಸ್ 3521 ನೋಡಿ ಕೊಳ್ಳಿ. ಅದರ ಹಗ್ಗವನ್ನು ಏಣಿಗೋ ಜಾಕ್‌ಗೋ ಕಟ್ಟಿದರೆ ಅರ್ಥವಿಲ್ಲ, ಏಣಿ ಬಿದ್ದರೆ ಮನುಷ್ಯನೂ ಜೊತೆಗೇ ಬೀಳುತ್ತಾನೆ. ಏಣಿಗೆ ಸಂಬಂಧವಿಲ್ಲದ, ಟೆರೇಸ್ ಮೇಲಿನ ಆರ್‌ಸಿಸಿ ಕಂಬಕ್ಕೆ ಕಟ್ಟಬೇಕು. ಮುಂದಿನ ಮಹಡಿ ಕಟ್ಟಲೆಂದು ಮೇಲೆ ಬಿಟ್ಟ ಕಂಬಿಗಳು ಚಳ್ಳಕೆರೆಯ ಅರ್ಧ ಮನೆಗಳ ತಲೆಯ ಮೇಲೆ ನಿಂತಿವೆ. ತುಕ್ಕು ಹಿಡಿದು ಸಣ್ಣಗಾದ ಆ ಕಂಬಿಗೆ ಜೀವ ಕಟ್ಟಬೇಡಿ. ಕೆಳಗಿನ ಸಿಟೌಟಿನ ಪಕ್ಕದಲ್ಲೂ ಅಂಥ ಕಂಬಿ ಮೇಲ್ಮುಖವಾಗಿ ನಿಂತಿದ್ದರೆ ತುದಿಗೆ ಮರದ ತುಂಡು ಕೂರಿಸಿ ಮುಚ್ಚಿ. ಹಲಗೆಯಿಂದ ಬಿದ್ದವನಿಗೆ ನೆಲಕ್ಕಿಂತ ಅದು ಅಪಾಯ.

ಓಣಿಯ ಕಡೆ ಎರಡೂ ತುದಿಗೆ ಹಗ್ಗ ಎಳೆದು ಬಣ್ಣದ ಬಟ್ಟೆ ಕಟ್ಟಿ. ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ಮುಂಬಾಗಿಲು ದಿನವಿಡೀ ತೆರೆದೇ ಇರುತ್ತದೆ, ಜನ ಬರುತ್ತ ಹೋಗುತ್ತ ಇರುತ್ತಾರೆ. ಬಾಗಿಲ ಮೇಲೆ ಹಲಗೆ ಬರುವ ಹೊತ್ತಿಗೆ ಹಿತ್ತಿಲ ಬಾಗಿಲಿನಿಂದ ಓಡಾಡಲು ಮನೆಯವರಿಗೆ ಹೇಳಿ, ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿ. ಹೊರಕ್ಕೆ ತೆರೆಯುವ ಬಾಗಿಲಾದರೆ ಏಣಿಗೆ ಬಡಿಯುತ್ತದೆ. ಊಟಕ್ಕೆ ಇಳಿದಾಗ ಹಲಗೆಯನ್ನೂ ಇಳಿಸಿ, ಓಣಿಯ ಹುಡುಗರಿಗೆ ಅದಕ್ಕಿಂತ ಒಳ್ಳೆಯ ಆಟ ಬೇರೆ ಇಲ್ಲ.

ಯಾರಾದರೂ ಬಿದ್ದರೆ ನಾಲ್ವರು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಮಲಗಿಸುವುದು ನಮ್ಮ ಅಭ್ಯಾಸ. ಬೆನ್ನುಮೂಳೆ ಅಥವಾ ಕತ್ತಿಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯಿಂದಲೇ ಕಾಲಿನ ಬಲ ಹೋಗಬಹುದು. ಬಿದ್ದಲ್ಲೇ ಅಲುಗಾಡಿಸದೆ, ತಲೆ ಕತ್ತು ತಿರುಗದಂತೆ ಎರಡೂ ಕೈಯಲ್ಲಿ ಹಿಡಿದು, ರಕ್ತ ಬರುವಲ್ಲಿ ಬಟ್ಟೆ ಒತ್ತಿ, 108ಕ್ಕೆ ಕರೆ ಮಾಡಿ. ನೀರು ಕುಡಿಸಬೇಡಿ. ಎದ್ದು ನಡೆದವನನ್ನೂ ಆಸ್ಪತ್ರೆಗೆ ತೋರಿಸಿ, ತಲೆಗೆ ಬಿದ್ದ ಪೆಟ್ಟು ತಡವಾಗಿ ಕಾಣಿಸಿಕೊಳ್ಳುವುದುಂಟು.

ಕೆಲಸಕ್ಕೆ ಕರೆಯುವ ಮುಂಚೆ ಮೇಸ್ತ್ರಿ, ಪೇಂಟರ್ ಇಬ್ಬರನ್ನೂ ಕಾರ್ಮಿಕ ಕಾರ್ಡ್ ಇದೆಯೇ ಎಂದು ಕೇಳಿ. ಕೇಂದ್ರದ 1996ರ ಕಾಯ್ದೆಯಡಿ ರೂಪುಗೊಂಡ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 18ರಿಂದ 60 ವರ್ಷದೊಳಗಿನ, ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಹೆಸರು ನೋಂದಾಯಿಸಬಹುದು. ಪೇಂಟರ್‌ಗಳೂ ಇದರಲ್ಲಿ ಬರುತ್ತಾರೆ, ಅದು ಎಷ್ಟೋ ಪೇಂಟರ್‌ಗಳಿಗೇ ಗೊತ್ತಿಲ್ಲ. ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ, ಅಂಗ ಊನವಾದರೆ ಕಾರ್ಮಿಕನಿಗೆ ಮಂಡಳಿಯಿಂದ ಪರಿಹಾರವಿದೆ. ನಿಮ್ಮ ಮನೆಯಲ್ಲಿ ಕೆಲಸ ಮಾಡಿದ ದಿನಗಳಿಗೆ ಅವರು ಉದ್ಯೋಗದ ಪತ್ರ ಕೇಳಿದರೆ ಸಹಿ ಹಾಕಿಕೊಡಿ.

ಕೊನೆಗೆ ದುಡ್ಡು. ಹೊರಗೋಡೆಯ ಕೆಲಸವನ್ನು ಚದರಡಿಗೆ ಇಷ್ಟು ಎಂದು ಗುತ್ತಿಗೆ ಮಾತಾಡುತ್ತೇವೆ. ಆ ದರದೊಳಗೆ ಸಾರ್ವೆಯೂ ಸೇರಿದೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಸಾರ್ವೆಗೆ ಖರ್ಚು ಮಾಡಿದಷ್ಟೂ ತನ್ನ ಕೂಲಿಗೇ ಕತ್ತರಿ ಎಂದು ಗುತ್ತಿಗೆದಾರ ಅಂದುಕೊಳ್ಳುತ್ತಾನೆ. ಬಿದಿರೇಣಿಗೆ ಸೆಂಟ್ರಿಂಗ್ ಹಲಗೆ ತೂರಿಸುವ ಯೋಚನೆ ಹುಟ್ಟುವುದು ಇಲ್ಲಿಂದಲೇ. ಚೀಟಿ ಬರೆಯುವಾಗ ಬಣ್ಣ, ಕೂಲಿ ಬರೆದ ಹಾಗೆಯೇ ಏಣಿ, ಜಾಕ್, ಹಲಗೆ, ಹಗ್ಗ, ಹಾರ್ನೆಸ್ ಅಥವಾ ಪೈಪಿನ ಸಾರ್ವೆಯ ಬಾಡಿಗೆ ಎಂದು ಬೇರೆ ಸಾಲು ಬರೆಸಿ, ಅದನ್ನು ಮನೆಯವರೇ ಕೊಡುವುದಾಗಿ ಒಪ್ಪಿಕೊಳ್ಳಿ. ಏಣಿ ಸರಿಸಿ ಮತ್ತೆ ಕಟ್ಟುವ ಹೊತ್ತಿಗೂ ಕೂಲಿ ಸೇರಿಸಿ. ಆಮೇಲೆ ಮೊದಲ ದಿನ ಬೆಳಿಗ್ಗೆ ಹೊರಗೆ ಬಂದು, ಆ ಸಾಲಿನಲ್ಲಿ ಬರೆದ ಸಾಮಾನು ಅಂಗಳಕ್ಕೆ ಬಂದಿದೆಯೇ ಎಂದು ಒಮ್ಮೆ ಎಣಿಸಿ ನೋಡಿ.